ಗ್ರಂಥಾಲಯದ ಕಂಪ್ಯೂಟರನ್ನು ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಹೊಂದಿಸುವುದು ಹೇಗೆ?

ಗುಬ್ಬಿ ಲೈಬ್ರರಿ:
ನಮಸ್ಕಾರ. ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರದಿಂದ ಬರೆಯುತ್ತಿದ್ದೇನೆ. ಊರಿನ ಇಬ್ಬರು ವಿದ್ಯಾರ್ಥಿಗಳಿಗೆ ಕಣ್ಣು ಕಾಣುವುದಿಲ್ಲ. ಹುಡುಗ ಪಿಯುಸಿ, ಹುಡುಗಿ ಡಿಗ್ರಿ. ನಮ್ಮಲ್ಲಿರುವುದು ವಿಂಡೋಸ್ 10, 4 ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪ್. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಇನ್‌ಸ್ಟಾಲ್ ಮಾಡಿದ್ದೇವೆ, ಇಂಗ್ಲಿಷ್ ಚೆನ್ನಾಗಿ ಓದುತ್ತದೆ. ಕನ್ನಡ ಬಂದ ಕೂಡಲೇ ಸುಮ್ಮನಾಗುತ್ತದೆ. ಕೆಲವು ಸುತ್ತೋಲೆ, ನೋಟ್ಸ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉದುರಿಸುತ್ತದೆ. ಸ್ಕಾಲರ್‌ಶಿಪ್ ಅರ್ಜಿಯನ್ನು ಅವರೇ ತುಂಬುವಂತಾಗಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ತಿಪಟೂರು ಕೀಬೋರ್ಡ್:
ಸರ್, ಆ ಕಂಪ್ಯೂಟರ್ ಧಾರಾಳವಾಗಿ ಸಾಕು. ಎನ್‌ವಿಡಿಎ ಹಗುರ, ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆದಿಟ್ಟರೆ ಮಾತ್ರ ದನಿ ತಡವರಿಸುತ್ತದೆ. ಇದೇ ಕೆಲಸ ಮಾಡುವ ಜಾಸ್ ತಂತ್ರಾಂಶವನ್ನು ದುಡ್ಡು ಕೊಟ್ಟು ಕೊಳ್ಳುವ ಅಗತ್ಯ ಈಗಿಲ್ಲ.

ಕನ್ನಡಕ್ಕೆ ಸುಮ್ಮನಾಗುವ ಕಾರಣ ಇಷ್ಟೇ: ವಿಂಡೋಸ್ 10ರಲ್ಲಿ ಎನ್‌ವಿಡಿಎ ತಾನಾಗಿ ಆರಿಸಿಕೊಳ್ಳುವುದು ವಿಂಡೋಸ್‌ನದೇ ಇಂಗ್ಲಿಷ್ ದನಿಯನ್ನು. ಅದಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ. ಇನ್ಸರ್ಟ್, ಕಂಟ್ರೋಲ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ‘ಇಸ್ಪೀಕ್ ಎನ್‌ಜಿ’ ಆರಿಸಿ ಎಂಟರ್ ಕೊಡಿ. ಆಮೇಲೆ ಇನ್ಸರ್ಟ್, ಕಂಟ್ರೋಲ್, ವಿ ಒತ್ತಿ, ವಾಯ್ಸ್ ಪಟ್ಟಿಯಲ್ಲಿ ಕನ್ನಡ ಇಡಿ. ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಅದು ಓದುತ್ತದೆ. ದನಿ ಯಂತ್ರದ ಹಾಗೇ ಇರುತ್ತದೆ, ಮೊದಲು ಕಿವಿಗೆ ಒಗ್ಗುವುದಿಲ್ಲ. ಆದರೂ ಅದನ್ನೇ ಉಳಿಸಿಕೊಳ್ಳಿ. ಬಟನ್ ಒತ್ತಿದ ಕ್ಷಣವೇ ಉತ್ತರ ಕೊಡುತ್ತದೆ, ವೇಗ ಹೆಚ್ಚಿಸಿದರೂ ಅಕ್ಷರ ನುಂಗುವುದಿಲ್ಲ.

ಇಬ್ಬರಿಗೂ ಬೇಕಾಗುವ ವೇಗ ಬೇರೆ ಬೇರೆ. ಇನ್ಸರ್ಟ್, ಕಂಟ್ರೋಲ್, ಪಿ ಒತ್ತಿ ಒಬ್ಬೊಬ್ಬರಿಗೂ ಒಂದೊಂದು ಪ್ರೊಫೈಲ್ ಮಾಡಿಡಿ. ಜನರಲ್ ಸೆಟ್ಟಿಂಗ್ಸ್‌ನಲ್ಲಿ ಸೈನ್ ಇನ್ ಹೊತ್ತಿಗೂ ಎನ್‌ವಿಡಿಎ ನಡೆಯಲಿ ಅನ್ನುವ ಆಯ್ಕೆಗೆ ಟಿಕ್ ಹಾಕಿ. ಇಲ್ಲವಾದರೆ ಪಾಸ್‌ವರ್ಡ್ ಹಾಕುವಲ್ಲೇ ಅವರು ನಿಮ್ಮನ್ನು ಕರೆಯಬೇಕಾಗುತ್ತದೆ.

‘ಕಂಪ್ಯೂಟರ್ ಕೆಟ್ಟಿದೆ’ ಅನ್ನುವ ದೂರು ಹೆಚ್ಚಾಗಿ ದನಿ ನಿಂತದ್ದಕ್ಕೆ ಬರುತ್ತದೆ. ಇನ್ಸರ್ಟ್ ಜೊತೆ ಎಸ್ ಬೆರಳಿಗೆ ತಾಗಿದರೆ ಮಾತು ಆಫ್ ಆಗುತ್ತದೆ. ಅದನ್ನೇ ಮತ್ತೆ ಮತ್ತೆ ಒತ್ತುತ್ತಾ ಹೋದರೆ ಮರಳಿ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಎನ್‌ವಿಡಿಎ ಹೊಸದಾಗಿ ಶುರುವಾಗುತ್ತದೆ. ಇವೆರಡನ್ನು ಮೊದಲ ದಿನವೇ ಬಾಯಿಪಾಠ ಮಾಡಿಸಿ. ಮೌಸ್ ಬಿಚ್ಚಿ ಪಕ್ಕಕ್ಕಿಡಿ.

ಕೋಲಾರ ಯೂನಿಕೋಡ್:
ನಿಮ್ಮ ಎರಡನೇ ತೊಂದರೆ ಎನ್‌ವಿಡಿಎಯದ್ದಲ್ಲ, ಫೈಲಿನದು. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದಲ್ಲಿ ಕನ್ನಡ ಅಕ್ಷರ ಇರುವುದೇ ಇಲ್ಲ. ನುಡಿ ಕಡತದಲ್ಲಿ ನಮಗೆ ‘ಕ’ ಕಾಣುವ ಕಡೆ ಒಳಗಿರುವುದು ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ನೆತ್ತಿಯ ಮೇಲೆ ಓರೆ ಗೀಟಿರುವ ಎ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿದೆ. ಓದುವ ತಂತ್ರಾಂಶ ವೇಷ ನೋಡುವುದಿಲ್ಲ, ಒಳಗಿದ್ದದ್ದನ್ನೇ ಹೇಳುತ್ತದೆ. ಅನುಮಾನ ಬಂದರೆ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್ (ಒಳಗೂ ಕನ್ನಡ ಅಕ್ಷರವೇ ಇರುವ ಬಗೆ), ಗಲಿಬಿಲಿಯಾದರೆ ಹಳೆಯ ಫಾಂಟ್.

ನುಡಿ ಜೊತೆಗೇ ಬರುವ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ. ಬದಲಿಸಿ ಹಾಗೆಯೇ ಕೊಟ್ಟುಬಿಡಬೇಡಿ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಹಾಗಾಗಿ ಕಾರ್ಯ, ವರ್ಷ, ಅರ್ಜಿಯಂಥ ಪದಗಳು ಮುರಿಯುವುದುಂಟು. ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ; ಇಮೇಲ್, ವೆಬ್ ವಿಳಾಸಗಳನ್ನು ಮೂಲದೊಡನೆ ಹೋಲಿಸಲೇಬೇಕು.

ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದು ಬರೀ ಚಿತ್ರ. ಇನ್ಸರ್ಟ್ ಜೊತೆ ಆರ್ ಒತ್ತಿದರೆ ವಿಂಡೋಸ್ ಚಿತ್ರದಲ್ಲಿರುವ ಅಕ್ಷರ ಗುರುತಿಸುತ್ತದೆ, ಆದರೆ ಕನ್ನಡಕ್ಕೆ ಅದು ನಡೆಯದು. ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಫೈಲ್ 2 ಎಂಬಿ ಒಳಗಿರಲಿ, ಪುಟ ನೆಟ್ಟಗಿರಲಿ. ಎರಡು ಕಾಲಂ ಇರುವ ಪುಟವನ್ನು ಕತ್ತರಿಸಿ ಬೇರೆ ಬೇರೆ ಹಾಕಿ, ಇಲ್ಲದಿದ್ದರೆ ಸಾಲುಗಳು ಒಂದರೊಳಗೊಂದು ಸೇರಿಹೋಗುತ್ತವೆ.

ಇದು ನಿಮ್ಮೊಬ್ಬರ ತಲೆನೋವಾಗಬಾರದು. ನೋಟ್ಸ್ ಕೊಡುವ ಮೇಷ್ಟ್ರಿಗೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕೊಡಲು ಹೇಳಿ. ಅವರಿಗೆ ಒಂದು ಹೆಚ್ಚುವರಿ ಕ್ಲಿಕ್, ಮಕ್ಕಳಿಗೆ ಇಡೀ ಪಾಠ.

ಗುಬ್ಬಿ ಲೈಬ್ರರಿ:
ಕನ್ನಡ ದನಿ ಬಂತು ಸರ್, ತುಂಬಾ ಧನ್ಯವಾದ. ಕನ್ನಡ ಟೈಪಿಂಗ್‌ಗೆ ಯಾವ ಕೀಲಿಮಣೆ ಕಲಿಸಲಿ?

ತಿಪಟೂರು ಕೀಬೋರ್ಡ್:
ಇನ್‌ಸ್ಕ್ರಿಪ್ಟ್. ವಿಂಡೋಸ್‌ನಲ್ಲೇ ಇದೆ, ಭಾಷೆ ಸೇರಿಸಿದ ಮೇಲೆ ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಬದಲಾಗುತ್ತದೆ. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ‘ಕೋಲಾರ’ ಅನ್ನಲು ಕೆ, ಎ, ಎನ್, ಇ, ಜೆ. ಎಫ್ ಮತ್ತು ಜೆ ಮೇಲಿನ ಉಬ್ಬುಗೆರೆ ಮುಟ್ಟಿ ಬೆರಳು ಇಡುವುದನ್ನು ಅಭ್ಯಾಸ ಮಾಡಿಸಿ. ಇನ್ಸರ್ಟ್ ಜೊತೆ 3 ಒತ್ತಿದರೆ ಟೈಪಾದ ಪ್ರತಿ ಪದವನ್ನೂ ಓದಿ ಹೇಳುತ್ತದೆ.

ಕೋಲಾರ ಯೂನಿಕೋಡ್:
ಇದೊಂದನ್ನು ನಾನು ಒಪ್ಪುವುದಿಲ್ಲ. ಆ ಹುಡುಗಿಗೆ ಇಂಗ್ಲಿಷ್ ಟೈಪಿಂಗ್ ಬರುವುದಾದರೆ ಕೆ.ಪಿ. ರಾವ್ ವಿನ್ಯಾಸವೇ ಸಲೀಸು: ಕೆ ಒತ್ತಿದರೆ ಕ, ಎಂ ಒತ್ತಿದರೆ ಮ, ಒತ್ತಕ್ಷರಕ್ಕೆ ಎಫ್. ಹೊಸ ನಕ್ಷೆ ನೆನಪಿಡುವ ಹೊರೆ ಇಲ್ಲ. ಹುಡುಗನಿಗೆ ಬೇಕಾದರೆ ಇನ್‌ಸ್ಕ್ರಿಪ್ಟ್ ಕಲಿಸಿ.

ಚಿಂತಾಮಣಿ ಅರ್ಜಿ:
ಅರ್ಜಿಯ ವಿಷಯಕ್ಕೆ ಬರುತ್ತೇನೆ. ವೆಬ್ ಪುಟದಲ್ಲಿ ಎನ್‌ವಿಡಿಎ ಎರಡು ರೀತಿ ನಡೆಯುತ್ತದೆ. ಓದುವ ರೀತಿಯಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಇ ಒತ್ತಿದರೆ ಬರೆಯುವ ಖಾನೆ, ಬಿ ಒತ್ತಿದರೆ ಬಟನ್. ಖಾನೆಯೊಳಗೆ ಬರೆಯಲು ಎಂಟರ್ ಕೊಡಬೇಕು, ಹೊರಬರಲು ಎಸ್ಕೇಪ್. ಹೆಸರು ಟೈಪ್ ಮಾಡುವಾಗ ಪುಟ ಎಲ್ಲೆಲ್ಲಿಗೋ ಹಾರುತ್ತಿದ್ದರೆ ಇನ್ನೂ ಓದುವ ರೀತಿಯಲ್ಲೇ ಇದ್ದಾರೆ ಅಂತ ಅರ್ಥ. ಇನ್ಸರ್ಟ್ ಜೊತೆ ಸ್ಪೇಸ್ ಒತ್ತಿದರೆ ಬದಲಾಗುತ್ತದೆ.

ಅರ್ಜಿ ತೆರೆಯುವ ಮೊದಲೇ ಖಾತೆ ಸಂಖ್ಯೆ, ವಿಳಾಸ, ಅಂಕಗಳನ್ನೆಲ್ಲ ನೋಟ್‌ಪ್ಯಾಡ್‌ನಲ್ಲಿ ಒಂದೊಂದು ಸಾಲಿಗೆ ಬರೆದಿಟ್ಟುಕೊಂಡು ಕಾಪಿ ಮಾಡಲಿ. ಹುಡುಕುತ್ತಾ ಕೂತರೆ ಸೆಷನ್ ಮುಗಿದು ತುಂಬಿದ್ದೆಲ್ಲ ಹೋಗುತ್ತದೆ. ಫೋಟೊ, ಸಹಿಯನ್ನು ಕೇಳಿದ ಕೆಬಿಗೆ ಇಳಿಸಿ, ಕಿವಿಗೆ ಗುರುತು ಸಿಗುವ ಹೆಸರು ಕೊಟ್ಟು ಡೆಸ್ಕ್‌ಟಾಪ್‌ನಲ್ಲಿಡುವ ಕೆಲಸ ನೀವು ಮಾಡಿಕೊಡಿ. ಸಲ್ಲಿಸಿದ ಮೇಲೆ ಪುಟ ಮುಂದೆ ಹೋಗದಿದ್ದರೆ ಯಾವುದೋ ಖಾನೆ ಕೆಂಪಾಗಿರುತ್ತದೆ. ಬಣ್ಣವನ್ನು ದನಿ ಹೇಳುವುದಿಲ್ಲ. ಮತ್ತೆ ಇ ಒತ್ತುತ್ತಾ ಒಂದೊಂದೇ ಖಾನೆ ಕೇಳಿಸಿಕೊಂಡು ಹೋಗಬೇಕು.

ಅಡ್ಡಬೀಳುವುದು ಕ್ಯಾಪ್ಚಾ, ಅಂದರೆ ತುಂಬುತ್ತಿರುವುದು ಮನುಷ್ಯರೇ ಎಂದು ತಿಳಿಯಲು ಕೇಳುವ ಅಕ್ಷರ ಪರೀಕ್ಷೆ. ಪಕ್ಕದಲ್ಲಿ ಆಡಿಯೊ ಬಟನ್ ಇದ್ದರೆ ಅವರೇ ಕೇಳಿ ಬರೆಯಬಹುದು. ಬರೀ ಚಿತ್ರ ಇದ್ದರೆ ಅಷ್ಟನ್ನು ನೀವು ಓದಿ ಹೇಳಿ, ಆದರೆ ಓಟಿಪಿ ಮತ್ತು ಪಾಸ್‌ವರ್ಡ್ ಅವರೇ ಹಾಕಲಿ. ಓಟಿಪಿ ಕೇಳಲು ಅವರ ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಇರಲಿ, ಕಿವಿಗೆ ಇಯರ್‌ಫೋನ್ ಇರಲಿ. ಬರೀ ಚಿತ್ರದ ಕ್ಯಾಪ್ಚಾ ಇರುವ ಪುಟದ ಬಗ್ಗೆ ದೂರು ಕೊಡುವುದನ್ನೂ ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟಕುವಂತಿರಬೇಕು ಅನ್ನುವ 42ನೇ ಕಲಮು ಇದೆ. ಪುಟದ ವಿಳಾಸ, ದಿನಾಂಕ, ಯಾವ ಖಾನೆಯಲ್ಲಿ ನಿಂತಿತು ಅನ್ನುವುದನ್ನು ಬರೆದು ಮೊದಲು ಆ ಇಲಾಖೆಗೆ, ಉತ್ತರ ಬರದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಕಳಿಸಿ.