ಬ್ಯಾರಕ್ ಹೊಡೆದಾಟ: ಯಾವ ಗಾಯ ಸಿಂಪಲ್, ಯಾವುದು ಗ್ರೀವಿಯಸ್?

ಪುಣೆ_ಶಿಪಾಯಿ: ಯೆರವಡಾದಲ್ಲಿ ಕಾರಾಗೃಹ ಶಿಪಾಯಿ ತರಬೇತಿ ನಡೀತಿದೆ. ಪಾಠವೆಲ್ಲ ಮರಾಠಿಯಲ್ಲಿ. ತಲೆ ಒಡೆದು ಆರು ಹೊಲಿಗೆ ಬಿದ್ದರೂ ಸಿಂಪಲ್ (ಸಾಧಾರಣ ಗಾಯ), ಒಂದು ಹಲ್ಲು ಮುರಿದರೆ ಗ್ರೀವಿಯಸ್ (ತೀವ್ರ ಗಾಯ) ಅಂತಾರೆ. ಯಾಕೆ ಹಾಗೆ? ವರದಿಯಲ್ಲಿ ನಾವೇನು ಬರೀಬೇಕು?

ಕಾಯ್ದೆಕಟ್ಟೆ: ರಕ್ತ ಎಷ್ಟು ಹೋಯ್ತು, ಹೊಲಿಗೆ ಎಷ್ಟು ಬಿತ್ತು ಅನ್ನೋದು ಲೆಕ್ಕಕ್ಕಿಲ್ಲ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 116ರ ಎಂಟು ಬಗೆಗಳಲ್ಲಿ ಒಂದಕ್ಕಾದರೂ ಕೂತರೆ ಮಾತ್ರ ಗ್ರೀವಿಯಸ್. ಪುರುಷತ್ವ ಹರಣ, ಒಂದು ಕಣ್ಣು ಅಥವಾ ಒಂದು ಕಿವಿ ಶಾಶ್ವತವಾಗಿ ಹೋಗೋದು, ಅಂಗ ಅಥವಾ ಕೀಲು ಕಳ್ಕೊಳ್ಳೋದು, ಅದರ ಶಕ್ತಿ ಶಾಶ್ವತವಾಗಿ ಕುಂದೋದು, ತಲೆ-ಮುಖ ಶಾಶ್ವತವಾಗಿ ವಿಕಾರವಾಗೋದು, ಮೂಳೆ-ಹಲ್ಲು ಮುರಿಯೋದು ಅಥವಾ ಜಾರೋದು. ಕೊನೆಯದರಲ್ಲೇ ಜಗಳ ಜಾಸ್ತಿ: ಜೀವಕ್ಕೆ ಅಪಾಯ ತಂದ ಗಾಯ, ಇಲ್ಲವೇ 15 ದಿನ ತೀವ್ರ ನೋವು ಅಥವಾ ನಿತ್ಯದ ಕೆಲಸ ಮಾಡಲಾಗದ ಸ್ಥಿತಿ. ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಂ 320ರಲ್ಲಿ ಇದು 20 ದಿನ ಇತ್ತು. 2024ರ ಜುಲೈ 1ಕ್ಕೆ ಮುಂಚಿನ ಘಟನೆಗೆ ಅದೇ ಅನ್ವಯ.

ಶಿಕ್ಷೆಯ ಅಂತರ ನೋಡಿ: ಸಿಂಪಲ್ ಗಾಯದ ಕಲಂ 115(2)ಕ್ಕೆ ಹೆಚ್ಚೆಂದರೆ 1 ವರ್ಷ, ಗ್ರೀವಿಯಸ್‌ನ 117(2)ಕ್ಕೆ 7 ವರ್ಷ. ಚಮಚ ಮಸೆದು ಚುಚ್ಚಿದರೆ 118. ಕರ್ತವ್ಯ ತಡೆಯೋಕೆ ಸಿಬ್ಬಂದಿಗೇ ಹೊಡೆದರೆ 121.

ಕೇಸ್‌ಪೇಪರ್: ಮೂಳೆ ಎರಡು ತುಂಡಾಗಬೇಕಿಲ್ಲ, ಬಿರುಕು ಬಿಟ್ಟರೂ ಸಾಕು, ಹೋರಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅದಕ್ಕೇ ಎಕ್ಸ್‌ರೇ ಬರೋ ತನಕ ಡಾಕ್ಟರು ಅಭಿಪ್ರಾಯ ಕಾದಿರಿಸ್ತಾರೆ.

ಸಿಂಪಲ್, ಗ್ರೀವಿಯಸ್ ಅಂತ ನೀವು ಬರೀಬೇಡಿ, ಅದು ಡಾಕ್ಟರ ಕೆಲಸ. ಕಂಡದ್ದಷ್ಟೇ ಬರೀರಿ: ‘ಎಡ ಹುಬ್ಬಿನ ಮೇಲೆ 3 ಸೆಂ.ಮೀ. ಉದ್ದದ ಸೀಳು ಗಾಯ, ರಕ್ತ ಸುರೀತಿತ್ತು’. ಜೊತೆಗೆ ಸಮಯ, ಯಾರು ನೋಡಿದರು, ಯಾವ ವಸ್ತು ಸಿಕ್ಕಿತು. ‘ಮುಖಕ್ಕೆ ಪೆಟ್ಟು’ ಅಂತ ಬರೆದು ಕೈತೊಳೆದುಕೊಂಡರೆ ಪಾಟೀಸವಾಲಿನಲ್ಲಿ ಉಳಿಯಲ್ಲ.

15 ದಿನ ಆಸ್ಪತ್ರೆಯಲ್ಲಿ ಮಲಗಿದ್ದ ಅನ್ನೋದೊಂದೇ ಸಾಲದು. ತಾನೇ ಊಟ ಮಾಡಿದನಾ, ಸ್ನಾನಕ್ಕೆ ಆಸರೆ ಬೇಕಾಯ್ತಾ, ಮುಲಾಖಾತಿಗೆ (ಮನೆಯವರ ಭೇಟಿಗೆ) ನಡೆದು ಹೋದನಾ, ಎಲ್ಲ ದಿನಾ ಆಸ್ಪತ್ರೆಯ ಕೇಸ್‌ಪೇಪರಲ್ಲಿ ಬರಬೇಕು.

ಪುಣೆ_ಶಿಪಾಯಿ: ಕೆನ್ನೆಗೆ ಬಿಗಿದು ಕಿವಿ ಪರದೆ ಹರಿದರೆ?

ಕೇಸ್‌ಪೇಪರ್: ಬಹಳ ಸಲ ತಾನೇ ಕೂಡಿಕೊಳ್ಳುತ್ತೆ. ಶ್ರವಣ ಶಾಶ್ವತವಾಗಿ ಹೋಗಿದೆ ಅಂತ ಆಡಿಯೋಗ್ರಾಮ್ (ಕಿವಿ ಕೇಳುವ ಶಕ್ತಿಯ ಪರೀಕ್ಷಾ ವರದಿ) ತೋರಿಸಬೇಕು. ಹಲ್ಲಿನದೂ ಹಾಗೇ: ಮೊದಲೇ ಅಲ್ಲಾಡ್ತಿತ್ತಾ ಅಂತ ವಕೀಲರು ಕೇಳೇ ಕೇಳ್ತಾರೆ.

ಕಾಯ್ದೆಕಟ್ಟೆ: ಒಂದು ಮಾತು ಬಿಟ್ಟುಹೋಯ್ತು. ಕೈದಿ ಒಳಗೆ ಬರುವಾಗಲೇ ಇರೋ ಹಳೇ ಗಾಯ ಬರೆದಿಡಿಸಿ, ಮೂಗೇಟಿನ ಬಣ್ಣ ಸಮೇತ. ಹಳದಿಗೆ ತಿರುಗಿದ ಮೂಗೇಟು ಅವತ್ತಿನದಲ್ಲ. ಪ್ರವೇಶದ ದಾಖಲೆಯಲ್ಲಿ ಅದಿಲ್ಲದಿದ್ದರೆ ಆರೋಪ ನಿಮ್ಮ ಪಾಳಿಯ ತಲೆಗೇ ಬರುತ್ತೆ.