ಬಸುರಿಗೆ ರಕ್ತನಾಳದಿಂದ ಊಟ: ಕೂಸಿಗೆ ತೊಂದರೆಯೆ?

ಪ್ರಶ್ನೆ, ಡೊಂಬಿವಲಿಯಿಂದ: ನಮಸ್ಕಾರ ಡಾಕ್ಟ್ರೇ. ತಂಗಿಗೆ 11 ವಾರ. ನೀರು ಕುಡಿದರೂ ವಾಂತಿ. 54 ಕಿಲೋ ಇದ್ದವಳು 48ಕ್ಕೆ ಇಳಿದಿದ್ದಾಳೆ. ಮೂರು ಸಲ ಸಲೈನ್ ಹಚ್ಚಿಸಿ ಬಂದೆವು. ಈಗ ತೋಳಿಗೆ ಉದ್ದ ನಳಿಗೆ ಹಾಕಿ ‘ಟಿಪಿಎನ್’, ಅಂದರೆ ಪೂರ್ತಿ ಊಟವನ್ನೇ ನೇರ ರಕ್ತನಾಳಕ್ಕೆ, ಕೊಡೋಣ ಅಂತಾರೆ. ಹುಬ್ಬಳ್ಳಿಯಿಂದ ಅವ್ವ, “ಬಾಯಿಂದ ಹೋಗಿದ್ದಷ್ಟೇ ಕೂಸಿಗೆ ಮುಟ್ಟತದ, ಬ್ಯಾಡ” ಅಂತ ಅಳ್ತಾಳೆ.

ಉತ್ತರ, ಪ್ರಸೂತಿ ತಜ್ಞೆ, ಮಾಟುಂಗಾ: ಅವ್ವನಿಗೆ ಹೇಳಿ: ಫಾಸ್ಟ್ ಲೋಕಲ್ ಹತ್ತಿದರೂ ಸ್ಲೋ ಹತ್ತಿದರೂ ಇಳಿಯುವ ಸ್ಟೇಷನ್ ಒಂದೇ. ಕೂಸಿಗೆ ಮುಟ್ಟುವುದು ತಾಯಿಯ ರಕ್ತದಲ್ಲಿರುವುದು. ಬಸುರಾಗುವ ಮುಂಚಿನ ತೂಕದಲ್ಲಿ 5% ಇಳಿದರೇ ನಾವು ಎಚ್ಚರಾಗುತ್ತೇವೆ, ಇವಳದು 11% ಇಳಿದಿದೆ. ಹೀಗೇ ಉಪವಾಸ ಬಿಟ್ಟರೆ ಕೂಸಿನ ಬೆಳವಣಿಗೆಗೇ ಪೆಟ್ಟು.

ಟಿಪಿಎನ್‌ನಲ್ಲಿ ನನಗೆ ಭಯ ಊಟದ್ದಲ್ಲ, ನಳಿಗೆಯದು. ಅದರಿಂದ ಸೋಂಕು ರಕ್ತಕ್ಕಿಳಿದರೆ ತಾಯಿ, ಕೂಸು ಇಬ್ಬರಿಗೂ ಅಪಾಯ. ಬಸುರಿಯರಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ನಳಿಗೆ ಅದಕ್ಕೆ ಇನ್ನೊಂದು ನೆಪ. ಸಕ್ಕರೆ ಏರಿದರೆ ಅದೂ ಕೂಸಿಗೆ ದಾಟುತ್ತದೆ, ಹಾಗಾಗಿ ದಿನವೂ ಶುಗರ್ ನೋಡಲೇಬೇಕು.

ಅದಕ್ಕೇ ಮೊದಲು ಕೇಳಿ: ಮೂಗಿನ ನಳಿಗೆಯಿಂದ ಊಟ ಕೊಟ್ಟು ನೋಡಿದಿರಾ? ಕರುಳು ಕೆಲಸ ಮಾಡುತ್ತಿದ್ದರೆ ಅದೇ ಮೊದಲ ದಾರಿ, ಟಿಪಿಎನ್ ಕೊನೆಯದು. ಇನ್ನೊಂದು, ಗ್ಲೂಕೋಸ್‌ಗೆ ಮುಂಚೆ ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಆಗಿದೆಯಾ? ವಾರಗಟ್ಟಲೆ ಉಣ್ಣದವಳಿಗೆ ಅದಿಲ್ಲದೆ ಗ್ಲೂಕೋಸ್ ಹೋದರೆ ಮಿದುಳಿಗೇ ಹೊಡೆತ. ಒಂದು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು ಅದರ ಗುರುತು. ವಿಟಮಿನ್ ಕೆ ಬಗ್ಗೆಯೂ ಕೇಳಿ. ಅದು ತೀರಾ ಕಡಿಮೆಯಾಗಿ ಗರ್ಭದಲ್ಲೇ ಕೂಸಿನ ಮಿದುಳಲ್ಲಿ ರಕ್ತಸ್ರಾವವಾದ ಉದಾಹರಣೆಗಳಿವೆ. ಅಪರೂಪ, ಆದರೆ ತಪ್ಪಿಸಬಹುದಾದದ್ದು.

ಗೋರೆಗಾಂವ್‌ನಿಂದ ಇನ್ನೊಬ್ಬರು: ನನ್ನ ಬಸುರಿನಲ್ಲಿ ಬರೀ ಬಾಟಲಿ ಹಚ್ಚಿಯೇ ದಿನ ದೂಡಿದೆವಲ್ಲ, ಅದೂ ಊಟವೇ ಅಲ್ವಾ?

ಉತ್ತರ: ಅಲ್ಲಮ್ಮ, ಈ ತಪ್ಪು ಕಲ್ಪನೆ ಮನೆಮನೆಯಲ್ಲಿದೆ. ಸಲೈನ್‌ನಲ್ಲಿ ಉಪ್ಪುನೀರು ಬಿಟ್ಟರೆ ಏನಿಲ್ಲ. 5% ಗ್ಲೂಕೋಸ್‌ನ ಅರ್ಧ ಲೀಟರ್ ಬಾಟಲಿಯಲ್ಲಿ ಸಕ್ಕರೆ 25 ಗ್ರಾಂ, ಹೆಚ್ಚುಕಡಿಮೆ ಒಂದು ಚಪಾತಿಯ ಶಕ್ತಿ. ನೀರಿನಂಶ ಉಳಿಯುತ್ತದೆ, ಹೊಟ್ಟೆ ತುಂಬುವುದಿಲ್ಲ.

ಡೊಂಬಿವಲಿಯಿಂದ: ಮೂಗಿನ ನಳಿಗೆ ವಾಂತಿಯಲ್ಲಿ ಹೊರಗೆ ಬಂದರೆ?

ಉತ್ತರ: ಬರುವುದುಂಟು. ಆಗ ತುದಿಯನ್ನು ಹೊಟ್ಟೆ ದಾಟಿಸಿ ಸಣ್ಣಕರುಳಿಗಿಟ್ಟು ನಿಧಾನಕ್ಕೆ ಹನಿಸುತ್ತಾರೆ. ಅದೂ ನಿಲ್ಲದಿದ್ದರೆ ಟಿಪಿಎನ್‌ಗೆ ಒಪ್ಪಿಕೊಳ್ಳಿ, ಹಿಂಜರಿಯಬೇಡಿ. ತೋಳಿಗೆ ನಳಿಗೆ ಬಿದ್ದ ಮೇಲೆ ಚಳಿಜ್ವರ ಬಂದರೆ, ತೋಳು ಊದಿದರೆ, ನಡುರಾತ್ರಿಯಾದರೂ ನರ್ಸ್‌ನ ಎಬ್ಬಿಸಿ.