ಅಪ್‌ಡೇಟ್: ಸರ್ವರ್ ಫೋಲ್ಡರ್ ಓಪನ್ ಆಗತ್ತೆ, ಸೇವ್ ಆಗಲ್ಲ ಅಂದಿದ್ನಲ್ಲ, ಸರಿಹೋಯ್ತು

ಹೋದ ವಾರ ಕೇಳಿದ್ದೆ, ಆಫೀಸಲ್ಲಿ ಹೊಸದಾಗಿ ವಿಂಡೋಸ್ ಸರ್ವರ್ 2022 ಹಾಕಿ 'ಲೆಕ್ಕ' ಅಂತ ಫೋಲ್ಡರ್ ಶೇರ್ ಮಾಡಿದ್ವಿ, ಎಕ್ಸೆಲ್ ಫೈಲ್ ಓಪನ್ ಆಗತ್ತೆ, ಸೇವ್ ಕೊಟ್ರೆ ಮಾತ್ರ ಪರ್ಮಿಷನ್ ಇಲ್ಲ ಅನ್ನತ್ತೆ ಅಂತ. ಫೋಲ್ಡರ್ ಪ್ರಾಪರ್ಟೀಸ್‌ನ ಸೆಕ್ಯೂರಿಟಿ ಟ್ಯಾಬಲ್ಲಿ ಮಾಡಿಫೈ (ಬದಲಾಯಿಸೋ ಪರ್ಮಿಷನ್) ಕೊಟ್ಟಿದೀನಲ್ಲ, ಇನ್ನೇನು ಬೇಕು ಇದಕ್ಕೆ ಅಂತ ಎರಡು ದಿನ ತಲೆ ಕೆಡಿಸ್ಕೊಂಡಿದ್ದೆ.

ಫೈರ್‌ವಾಲ್ ಆಫ್ ಮಾಡಿ ನೋಡ್ದೆ, ಏನೂ ಆಗ್ಲಿಲ್ಲ, ವಾಪಸ್ ಆನ್ ಮಾಡ್ದೆ (ಫೋಲ್ಡರ್ ಓಪನ್ ಆಗ್ತಿದೆ ಅಂದ್ಮೇಲೆ ಅದರ ತಪ್ಪಲ್ಲ ಅಂತ ಆಗ್ಲೇ ಹೊಳೀಬೇಕಿತ್ತು). ಎಸ್‌ಎಂಬಿ 1 (ಫೈಲ್ ಶೇರ್ ಮಾಡೋ ಹಳೇ ಪ್ರೋಟೋಕಾಲ್) ಆನ್ ಮಾಡೋ ಐಡಿಯಾ ಮುಟ್ಲೇ ಇಲ್ಲ, ಅದರ ಮೂಲಕ ಹರಡಿದ 2017ರ ವಾನಾಕ್ರೈ ವೈರಸ್ ಇನ್ನೂ ನೆನಪಿದೆ.

ಕೆಲಸ ಮಾಡಿದ್ದು 'ಅಡ್ವಾನ್ಸ್ಡ್ ಶೇರಿಂಗ್ ಒಳಗಿನ ಪರ್ಮಿಷನ್ಸ್ ನೋಡಿ' ಅಂದವರ ಮಾತು, ಥ್ಯಾಂಕ್ಸ್ ಗುರುಗಳೇ. ಅಲ್ಲಿ ಎವರಿಒನ್‌ಗೆ ಬರೀ ರೀಡ್ ಟಿಕ್ ಇತ್ತು, ಡೀಫಾಲ್ಟೇ ಅದು. ನೆಟ್‌ವರ್ಕಿಂದ ಬಂದ್ರೆ ಇಲ್ಲಿ, ಸೆಕ್ಯೂರಿಟಿ ಟ್ಯಾಬಲ್ಲಿ, ಎರಡೂ ಕಡೆ ಚೆಕ್ ಆಗಿ ಯಾವುದು ಕಮ್ಮಿನೋ ಅದೇ ಲೆಕ್ಕಕ್ಕೆ. ಎವರಿಒನ್ ತೆಗೆದು ನಮ್ಮ ಗ್ರೂಪಿಗೆ ಚೇಂಜ್ ಕೊಟ್ಟೆ, ಸೇವ್ ಆಯ್ತು.

ಒಬ್ರಿಗೆ ಮಾತ್ರ ಆಮೇಲೂ ಆಗ್ಲಿಲ್ಲ. ಅವರನ್ನ ಗ್ರೂಪಿಗೆ ಸೇರಿಸಿದ್ದು ಅವತ್ತೇ ಬೆಳಿಗ್ಗೆ, ಯಾವ ಗ್ರೂಪಲ್ಲಿದಾರೆ ಅನ್ನೋದನ್ನ ವಿಂಡೋಸ್ ಲಾಗಿನ್ ಆಗೋವಾಗ್ಲೇ ತಗೊಂಡಿರತ್ತಂತೆ, ಸೈನ್ ಔಟ್ ಮಾಡಿ ಮತ್ತೆ ಒಳಗೆ ಬಂದ್ರು, ಆಯ್ತು.